ಎರಡನೆಯ ನೀರು

ಟಾರ್ಗೆಟ್ ಕೋಣೆಯ ಬಾಗಿಲ ಹಿಡಿಯಲ್ಲಿ ಕೆಂಪು ಕಾಲುಚೀಲ ನೇತಾಡುತ್ತಿದ್ದರೆ ಒಳಗೆ ನೀರಿನ ಮೇಲೆ ಪೊರೆ ತೇಲುತ್ತಿದೆ ಎಂದು ಅರ್ಥ. ಆಗ ಆ ಭೌತವಿಜ್ಞಾನ ಲ್ಯಾಬಿನ ನಿರ್ದೇಶಕರೇ ಬಂದರೂ ಬಾಗಿಲು ತಟ್ಟುವಂತಿಲ್ಲ. ಹಿಂದೊಮ್ಮೆ ವಾಷಿಂಗ್ಟನ್ನಿನಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು, ಇಡೀ ಲ್ಯಾಬಿಗೆ ಅನ್ನ ಹಾಕುವ ಇಲಾಖೆಯವರು, ತಟ್ಟಿಯೇ ಬಿಟ್ಟರು. ಪೊರೆ ಮಾಡುವ ಬರ್ನಡೀನ್ ಕುಬಿಯಾಕ್ ಒಳಗಿನಿಂದ ಕೂಗಲಿಲ್ಲ, ಬೈಯಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದು, ಹರಿದ ಪೊರೆಯ ಫ್ರೇಮನ್ನು ಅವರ ಅಂಗೈಯಲ್ಲಿಟ್ಟು, ಇದು ನಿಮ್ಮದು ಎಂದಳು. ಪಾಪ, ಆತ ಅದನ್ನು ಕಾಣಿಕೆ ಎಂದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡು ಹೋದರು.

ಆ ಪೊರೆ ಎಷ್ಟು ತೆಳುವೆಂದರೆ, ಉಸಿರು ಬಿಟ್ಟರೆ ಅದು ಹರಿಯುತ್ತದೆ, ಬಿಡದಿದ್ದರೆ ಮಾಡುವವರು ಸಾಯುತ್ತಾರೆ. ಗಾಜಿನ ಪಟ್ಟಿಯ ಮೇಲೆ ಮೊದಲು ಅಡುಗೆ ಉಪ್ಪಿನ ಒಂದು ಪದರ, ಅದರ ಮೇಲೆ ಕಾರ್ಬನ್ನಿನ ಒಂದು ಪದರ. ಗಾಜನ್ನು ಓರೆಯಾಗಿ ತಟ್ಟೆಯ ನೀರಿಗೆ ಇಳಿಸಿದರೆ ಉಪ್ಪು ಕರಗಿ, ಕಾರ್ಬನ್ ಪೊರೆ ಹಾಲಿನ ಕೆನೆಯ ಹಾಗೆ ಮೇಲೆ ತೇಲುತ್ತದೆ. ಅದನ್ನು ಇನ್ನೊಂದು ತಟ್ಟೆಯ ಶುದ್ಧ ನೀರಿಗೆ ದಾಟಿಸಿ, ಅಂಟಿಕೊಂಡ ಉಪ್ಪೆಲ್ಲ ಬಿಡುವ ತನಕ ತೇಲಬಿಟ್ಟು, ಆಮೇಲೆ ಅಡಿಯಿಂದ ಉಗುರಗಲದ ಫ್ರೇಮು ತೂರಿಸಿ ಎತ್ತಬೇಕು. ಅದರ ಮೇಲೆ ವಿಜ್ಞಾನಿಗಳು ಕೇಳಿದ ಧಾತುವನ್ನು ಕೂರಿಸಿದರೆ ಟಾರ್ಗೆಟ್ ತಯಾರು. ಅವರು ಅದಕ್ಕೆ ಕಣಗಳ ಕಿರಣವನ್ನು ಹೊಡೆಸಿ, ಏನೇನು ಚಿಮ್ಮುತ್ತದೆ ಎಂದು ಲೆಕ್ಕ ಹಾಕುತ್ತ ದಿನಗಟ್ಟಲೆ ಕೂರುತ್ತಾರೆ. ಬರ್ನಡೀನಳಿಗೆ ಈ ಕೆಲಸ ಕಲಿಸಿದ ಒಟಿಲಿ ಎಂಬ ಮುದುಕಿ ಹೇಳಿಕೊಟ್ಟಿದ್ದು ಒಂದೇ ಮಾತು: ಮೊದಲನೇ ನೀರು ಬಿಡಿಸುತ್ತೆ, ಎರಡನೇ ನೀರು ತೊಳೆಯುತ್ತೆ. ಅದನ್ನು ನೆಚ್ಚಿಕೊಂಡು ಬರ್ನಡೀನ್ ಮೂವತ್ತೊಂದು ವರ್ಷ ತೆಗೆದಿದ್ದಳು.

ಇನ್ನೊಂದು ರೂಢಿಯೂ ಒಟಿಲಿಯ ಕಾಲದ್ದೇ. ಕಿರಣದ ಏಟಿಗೆ ಪೊರೆ ಸತ್ತರೆ, ಅದನ್ನು ಕೊಂದ ವಿಜ್ಞಾನಿ ಆ ಖಾಲಿ ಫ್ರೇಮನ್ನು ತಾನೇ ಕೈಯಾರೆ ತಂದು ಒಪ್ಪಿಸಬೇಕು. ಬರಿಗೈಲಿ ಬರುವಂತಿಲ್ಲ, ಜೊತೆಗೆ ಕೊಲಾಚ್ಕಿ ಎಂಬ ಸಿಹಿ ಬಿಸ್ಕತ್ತಿನ ಒಂದು ಪೆಟ್ಟಿಗೆ ಇರಬೇಕು; ಆರ್ಚರ್ ರಸ್ತೆಯ ಪೋಲಿಷ್ ಬೇಕರಿಯದು, ಒಳಗೆ ಏಪ್ರಿಕಾಟ್ ಜಾಮು, ಮೇಲೆ ಸಕ್ಕರೆ ಪುಡಿ. ಪೊರೆ ಕಳೆದುಕೊಂಡವಳು ಮೊದಲು ತಿನ್ನಬೇಕು, ಕೊಂದವನು ಆಮೇಲೆ. ಸತ್ತ ಫ್ರೇಮುಗಳೆಲ್ಲ ಗೋಡೆಯ ಮೊಳೆಗಳಲ್ಲಿ ಸಾಲಾಗಿ ತೂಗುತ್ತಿದ್ದವು, ಒಂದೊಂದರ ಕೆಳಗೂ ತಾರೀಖು, ಬದುಕಿದ ಗಂಟೆ, ಕೊಂದವನ ಹೆಸರು. ದೊಡ್ಡ ದೊಡ್ಡ ಬಹುಮಾನ ಪಡೆದವರ ಹೆಸರೂ ಆ ಗೋಡೆಯಲ್ಲಿ ಕೊಲೆಗಾರರ ಪಟ್ಟಿಯಲ್ಲೇ ಇತ್ತು. ಇದರಲ್ಲಿ ಬರ್ನಡೀನಳಿಗೆ ಒಂದು ಖುಷಿ ಇರಲಿಲ್ಲವೆಂದರೆ ಸುಳ್ಳಾದೀತು.

ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬರುವ ಹೆಸರು ಹಾರ್ಲನ್ ಟ್ವೆಟ್. ಮಿನೆಸೋಟದ ನಾರ್ವೇಜಿಯನ್ ಮನೆತನದವನು, ವಯಸ್ಸು ಎಪ್ಪತ್ತೊಂದು, ಮಾತು ಕಡಿಮೆ, ಗಡ್ಡ ಜಾಸ್ತಿ. ನಿವೃತ್ತಿಯಾಗಿ ಆರು ವರ್ಷವಾದರೂ ಲ್ಯಾಬು ಅವನಿಗೊಂದು ಕಿಟಕಿಯಿಲ್ಲದ ಕೋಣೆ ಬಿಟ್ಟುಕೊಟ್ಟಿತ್ತು. ಎಂಬತ್ತೇಳನೇ ಇಸವಿಯಲ್ಲಿ ಆತ ಒಂದು ಲೇಖನ ಬರೆದಿದ್ದ. ನಲವತ್ತೆಂಟರ ಕ್ಯಾಲ್ಸಿಯಂ ಎಂಬ ಅಪರೂಪದ ಕ್ಯಾಲ್ಸಿಯಮ್ಮಿಗೆ ಕಿರಣ ಹೊಡೆಸಿದರೆ, ಅಳತೆಯ ಗೆರೆಯಲ್ಲಿ ಇಂಥದೇ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಾಣಬೇಕು ಎಂದು. ಯಾರೂ ಒಪ್ಪಿರಲಿಲ್ಲ. ಜಗಳವನ್ನೂ ಮಾಡಿರಲಿಲ್ಲ, ಸುಮ್ಮನೆ ಮರೆತಿದ್ದರು. ಆ ಜನರಲ್ಲಿ ಅದು ಜಗಳಕ್ಕಿಂತ ಕೆಟ್ಟದ್ದು. ಈ ವರ್ಷ, ಕಿರಣ ಹೊರಡಿಸುವ ಯಂತ್ರವನ್ನು ಬೇರೆ ಕೆಲಸಕ್ಕೆ ಮಾರ್ಪಡಿಸುವ ಮೊದಲು, ಸಮಿತಿಯವರು ಅವನಿಗೆ ಏಳು ದಿನದ ಕಿರಣ ಕೊಟ್ಟಿದ್ದರು. ಹಿರಿಯನಿಗೆ ಶಾಲು ಹೊದಿಸುವ ಹಾಗೆ ಕೊಟ್ಟದ್ದು, ಅದು ಅವನಿಗೂ ಗೊತ್ತಿತ್ತು.

ಆದರೆ ಆ ಹೊತ್ತಿಗೆ ಬರ್ನಡೀನಳ ಕೈ ನಡುಗತೊಡಗಿ ಒಂದು ವರ್ಷವಾಗಿತ್ತು.

ಮೊದಲು ಬಲಗೈ ಹೆಬ್ಬೆರಳು. ಕ್ರಿಸ್ಮಸ್ ಹಿಂದಿನ ದಿನ ತಂಗಿಯ ಮನೆಯಲ್ಲಿ ಬೀಟ್‌ರೂಟ್ ಸಾರಿನ ಚಮಚ ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಮೇಜುಬಟ್ಟೆಯ ಮೇಲಿತ್ತು. ಹತ್ತಿರದ ಜೋಲಿಯೆಟ್ ಊರಿನ ಡಾಕ್ಟರು, ಭಯಪಡುವ ಕಾಯಿಲೆಯಲ್ಲ, ವಂಶದಲ್ಲಿ ಬಂದ ನಡುಕ ಎಂದರು. ಕಲ್ಲುಗಣಿಯಲ್ಲಿ ದುಡಿದ ಅಪ್ಪನಿಗೂ ಇತ್ತಲ್ಲ ಎಂದು ಆಗ ನೆನಪಾಯಿತು. ಮಕ್ಕಳೆಲ್ಲ ಅದು ಸುತ್ತಿಗೆ ಹಿಡಿದು ಬಂದದ್ದು ಎಂದುಕೊಂಡಿದ್ದರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಕೈಯ ಜೊತೆ ತಲೆಯೂ ಮಂಕಾಗುತ್ತಿತ್ತು. ಅವಳು ಕಾಫಿ ಬಿಟ್ಟಳು. ಮೊಣಕೈಯನ್ನು ಮೇಜಿಗೆ ಊರಿ ಕೆಲಸ ಮಾಡಲು ಕಲಿತಳು. ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ತನ್ನ ಕೆಲಸ ಕಲಿಯಲೆಂದೇ ಎಲ್ ಪಾಸೊ ಊರಿನಿಂದ ಬಂದು ಸೇರಿದ್ದ ರೆನಾಟಾ ಒಸೋರಿಯೊಗಂತೂ ಹೇಳಲೇ ಇಲ್ಲ. ರೆನಾಟಾ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಮೂವತ್ತೈದರ ಹೆಂಗಸು. ಗಾಜು ತೊಳೆಯಲು, ಕಾರ್ಬನ್ ಕೂರಿಸಲು, ತೂಕ ಮಾಡಲು ಬರ್ನಡೀನ್ ಅವಳನ್ನು ಬಿಡುತ್ತಿದ್ದಳು. ನೀರಿನ ಹತ್ತಿರ ಮಾತ್ರ ಬಿಡುತ್ತಿರಲಿಲ್ಲ, ಇನ್ನೂ ಕೈ ಪಳಗಿಲ್ಲ ಎನ್ನುತ್ತಿದ್ದಳು. ಪಳಗಿದ ಕೈಯ ಕಥೆ ಅವಳಿಗೊಬ್ಬಳಿಗೇ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಹಾರ್ಲನ್ನನ ಸರದಿ ಬಂತು. ಸೋಮವಾರ ಕಿರಣ, ಶನಿವಾರ ಕ್ಯಾಲ್ಸಿಯಂ ಕೂರಿಸಬೇಕು, ಶುಕ್ರವಾರದೊಳಗೆ ಪೊರೆ ಫ್ರೇಮಿನಲ್ಲಿರಬೇಕು. ಗುರುವಾರ ಬೆಳಿಗ್ಗೆ ಕಾಲುಚೀಲ ನೇತುಹಾಕಿ ಬಾಗಿಲು ಹಾಕಿಕೊಂಡಳು. ಮೊದಲ ಪೊರೆ ಎರಡನೆಯ ನೀರಿಗೆ ದಾಟಿಸುವಾಗ ಹರಿಯಿತು. ಎರಡನೆಯದೂ ಅಲ್ಲೇ ಹರಿಯಿತು. ಮೂರನೆಯದು ದಾಟಿತು ಎನ್ನುವಷ್ಟರಲ್ಲಿ ಅಂಚು ಮಡಚಿಕೊಂಡು ಮುದುಡಿತು. ಉಳಿದದ್ದು ಒಂದೇ ಒಂದು, ಹೊಸದಾಗಿ ಕಾರ್ಬನ್ ಕೂರಿಸಲು ಮೂರು ದಿನ ಬೇಕು. ಆ ಕೊನೆಯ ಪೊರೆ ಮೊದಲನೆಯ ನೀರಿನ ಮೇಲೆ ಸುಕ್ಕಿಲ್ಲದೆ ಮಲಗಿತ್ತು. ಪಕ್ಕದಲ್ಲಿ ಎರಡನೆಯ ತಟ್ಟೆ ಕಾಯುತ್ತಿತ್ತು. ಅವಳು ತನ್ನ ಕೈ ನೋಡಿದಳು, ತಟ್ಟೆ ನೋಡಿದಳು. ಬಹಳಷ್ಟು ಉಪ್ಪು ಮೊದಲನೆಯ ನೀರಿನಲ್ಲೇ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಲ್ಲಿಂದಲೇ ಫ್ರೇಮಿಗೆ ಎತ್ತಿದಳು.

ಕೋಣೆಯ ಪುಸ್ತಕದಲ್ಲಿ ಪ್ರತಿ ಪೊರೆಗೂ ಒಂದು ಸಾಲು: ಮೊದಲನೆಯ ನೀರು, ಎರಡನೆಯ ನೀರು, ಮಾಡಿದವರ ಹೆಸರಿನ ಅಕ್ಷರ. ಮೂವತ್ತೊಂದು ವರ್ಷದ ಅಭ್ಯಾಸಬಲದಲ್ಲಿ ಪೆನ್ಸಿಲು ಎರಡೂ ಕಡೆ ಗುರುತು ಹಾಕಿತು. ಅಭ್ಯಾಸಬಲ ಎಂದು ಅವಳು ಆಮೇಲೆ ಎಷ್ಟು ಸಲ ಹೇಳಿಕೊಂಡರೂ, ಅಳಿಸುವ ರಬ್ಬರು ಅದೇ ಪೆನ್ಸಿಲಿನ ಹಿಂಬದಿಯಲ್ಲಿತ್ತು.

ಹಾರ್ಲನ್ನನಿಗೆ ಏಳು ದಿನ ಪೂರ್ತಿ ಸಿಗಲಿಲ್ಲ. ನಾಲ್ಕನೆಯ ದಿನ ಪೊರೆ ಸತ್ತಿತು, ಅದರ ಹಿಂದೆಯೇ ಯಂತ್ರವೂ ಕೆಟ್ಟು ನಿಂತಿತು. ಮರುವಾರ ಆತ ಫ್ರೇಮು ಹಿಡಿದು, ಕಂಕುಳಲ್ಲಿ ಕೊಲಾಚ್ಕಿಯ ಪೆಟ್ಟಿಗೆ ಇಟ್ಟುಕೊಂಡು ಬಂದ. ಸಾಮಾನ್ಯವಾಗಿ ಸಾವಿನ ಮನೆಗೆ ಬಂದವನ ಹಾಗೆ ಬರುತ್ತಿದ್ದವನ ಮುಖ ಅಂದು ಬೇರೆಯೇ ಇತ್ತು. ಮೇಜಿನ ಮೇಲೆ ಒಂದು ಕಾಗದ ಹರಡಿದ. ಅದರಲ್ಲಿ ಗುಡ್ಡಸಾಲಿನಂಥ ಗೆರೆ, ಎರಡು ದೊಡ್ಡ ಗುಡ್ಡಗಳ ನಡುವಿನ ತಗ್ಗಿನಲ್ಲಿ ಒಂದು ಪುಟ್ಟ ಉಬ್ಬು. ಅದರ ಮೇಲೆ ಬೆರಳಿಟ್ಟ. ಎಂಬತ್ತೇಳರಲ್ಲಿ ತಾನು ಹೇಳಿದ್ದ ಜಾಗ.

"ಚಿಮ್ಮಿದ್ದನ್ನ ಎರಡೇ ಕೋನದಲ್ಲಿ ಅಳೆದಿದ್ದು, ಅದು ನಿಜ. ಎರಡೂ ಸಣ್ಣ ಕೋನ. ಅಲ್ಲಿ ಎಲ್ಲಾ ಉಬ್ಬೂ ಒಂದೇ ಹೆಜ್ಜೆ ಹಾಕ್ತವೆ, ದೊಡ್ಡ ಕೋನದಲ್ಲಾದ್ರೆ ಕಸದ ಉಬ್ಬು ಪಕ್ಕಕ್ಕೆ ಜಾರುತ್ತೆ. ಯಾವ್ದು ಕ್ಯಾಲ್ಸಿಯಮ್ಮಿಂದು, ಯಾವ್ದು ಕಸದ್ದು ಅಂತ ಬೇರೆ ಮಾಡೋಕಾಗಲ್ಲ. ಬೇರೆಯವ್ರ ಪೊರೆ ಆಗಿದ್ರೆ ನಾನೇ ನಂಬ್ತಿರ್ಲಿಲ್ಲ ಬರ್ನಿ. ಇದು ನಿಂದು. ಪುಸ್ತಕ ಬೇರೆ ನೋಡ್ದೆ, ಎರಡು ನೀರಿಗೂ ಗುರುತಿದೆ."

ಬರ್ನಡೀನ್ ಕೊಲಾಚ್ಕಿಯ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಹಾರ್ಲನ್ ಇನ್ನೂ ಒಂದು ಮಾತು ಹೇಳಿದ. ಇಷ್ಟು ವರ್ಷ ಪ್ರತಿ ಲೇಖನದ ಕೊನೆಯಲ್ಲಿ, ವಿದ್ಯುತ್ ವಿಭಾಗಕ್ಕೂ ಅಡುಗೆಮನೆಗೂ ಧನ್ಯವಾದ ಹೇಳುವ ಸಾಲಿನಲ್ಲಿ, ಅವಳಿಗೂ ಒಂದು ಧನ್ಯವಾದ ಇರುತ್ತಿತ್ತು. ಈ ಸಲ ಹಾಗಲ್ಲ.

"ಮೇಲೇ ಹಾಕ್ತೀನಿ, ಬರೆದವ್ರ ಸಾಲಲ್ಲಿ. ಟ್ವೆಟ್ ಮತ್ತು ಕುಬಿಯಾಕ್. ಬೇಡ ಅನ್ಬೇಡ, ನಾನು ಕೇಳಲ್ಲ."

ಬೇಡ ಎನ್ನಲಿಲ್ಲ ಅವಳು. ಯಾವಾಗ ಹೊರಗೆ ಹೇಳುತ್ತೀಯ ಎಂದು ಕೇಳಿದಳು. ಇನ್ನು ಎರಡು ವಾರಕ್ಕೆ, ಗುರುವಾರದ ಭಾಷಣದಲ್ಲಿ ಎಂದ. ರೂಢಿಯಂತೆ ಅವಳು ಮೊದಲ ಕೊಲಾಚ್ಕಿ ತಿನ್ನಬೇಕಿತ್ತು. ಹೊಟ್ಟೆ ಸರಿಯಿಲ್ಲ ಎಂದು ಪೆಟ್ಟಿಗೆಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

ಆತ ಹೋದ ಮೇಲೆ ಬಿಸ್ಕತ್ತಿನ ಹಳೆಯ ಡಬ್ಬಿ ತೆಗೆದಳು. ಹರಿದ ಪೊರೆಗಳನ್ನು ಎಸೆಯದೆ ಅದರಲ್ಲಿಡುವುದು ಒಟಿಲಿ ಕಲಿಸಿದ್ದು. ಕೊನೆಯ ಪೊರೆಯನ್ನು ಫ್ರೇಮಿಗೆ ಎತ್ತುವಾಗ ಅಂಚಿನಲ್ಲಿ ಉಳಿದ ಒಂದು ಚೂರು ಅಲ್ಲಿತ್ತು. ಅದೂ ಎರಡನೆಯ ನೀರು ಕಾಣದ್ದೇ. ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದಳು. ಹುಡುಕುವ ಕಷ್ಟವನ್ನೂ ಅದು ಕೊಡಲಿಲ್ಲ. ಕಪ್ಪು ಪೊರೆಯ ಮೇಲೆ ಚೌಕ ಚೌಕದ ಹರಳುಗಳು, ಯಾರೋ ಪಗಡೆ ದಾಳ ಚೆಲ್ಲಿದ ಹಾಗೆ. ಉಪ್ಪು. ಅದರೊಳಗಿನ ಕ್ಲೋರಿನ್ ಎಲ್ಲಿ ಉಬ್ಬು ಎಬ್ಬಿಸುತ್ತದೆ ಎಂದು ಲೆಕ್ಕ ಹಾಕಲು ಅವಳಿಗೆ ಬರುತ್ತಿರಲಿಲ್ಲ. ಆದರೆ ಕಪಾಟಿನಲ್ಲಿ ಅಂಥ ಕಸಗಳ ಉಬ್ಬಿನ ಜಾಗಗಳದೇ ಒಂದು ಹಳೆಯ ಪಟ್ಟಿ ಇತ್ತು, ಎರಡಂಕಿ ಹೋಲಿಸಿ ನೋಡಲು ಡಾಕ್ಟರೇಟು ಬೇಕಾಗಿರಲಿಲ್ಲ. ಹೋಲಿಸಿದಳು. ಕ್ಲೋರಿನ್ನಿನ ಉಬ್ಬು ಹಾರ್ಲನ್ ಬೆರಳಿಟ್ಟ ಜಾಗದಲ್ಲೇ ಬರುತ್ತಿತ್ತು.

ನ್ಯಾಯವಾಗಿ ಅಂದೇ ಎದ್ದು ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು, ನಾಳೆ ಹಾರ್ಲನ್ ಊಟದ ಮನೆಯಲ್ಲಿ ಸಿಳ್ಳೆ ಹಾಕುತ್ತ ಕಡಲೆಬೆಣ್ಣೆ ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಅವನ ಸಿಳ್ಳೆ ಅವಳು ಕೇಳಿರಲಿಲ್ಲ. ಮಾರನೆಯ ದಿನ ಆತ ಹೊಸ ಟೈ ಕೊಂಡಿದ್ದ. ಅದರ ಮಾರನೆಯ ದಿನ ಲೇಖನದ ಮೊದಲ ಪುಟದ ಪ್ರತಿ ಅವಳ ಮೇಜಿನ ಮೇಲಿತ್ತು, ಶೀರ್ಷಿಕೆಯ ಕೆಳಗೆ ಅವಳ ಹೆಸರು. ಅದನ್ನು ಡ್ರಾಯರಿಗೆ ಹಾಕಿದಳು. ಹೊರಗೆ ತೆಗೆದು ನೋಡಿದಳು. ಮತ್ತೆ ಹಾಕಿದಳು. ಹೀಗೆ ಹತ್ತು ದಿನ ಹೋಯಿತು. ತನ್ನ ಕೈಯ ಗುಟ್ಟು ಉಳಿಸಿಕೊಳ್ಳಲು ಸುಮ್ಮನಿದ್ದೇನೋ, ಅವನ ಖುಷಿ ಉಳಿಸಲು ಸುಮ್ಮನಿದ್ದೇನೋ ಅವಳಿಗೇ ತಿಳಿಯಲಿಲ್ಲ.

ಭಾಷಣಕ್ಕೆ ಮೂರು ದಿನ ಇರುವಾಗ, ಸೋಮವಾರ ಬೆಳಿಗ್ಗೆ, ಅವಳು ಆ ಚೂರನ್ನು ಮತ್ತೊಮ್ಮೆ ನೋಡುತ್ತಿದ್ದಾಗ ರೆನಾಟಾ ಒಳಗೆ ಬಂದಳು. ಕಾಲುಚೀಲ ಹಾಕಿರಲಿಲ್ಲ, ಬರದಿರಲು ಕಾರಣವೂ ಇರಲಿಲ್ಲ. ಬರ್ನಡೀನ್ ಚೂರನ್ನು ಮುಚ್ಚಿಡಲು ಹೋಗಿ ಕೈ ತಪ್ಪಿ ಚಿಮುಟ ಬೀಳಿಸಿದಳು. ರೆನಾಟಾ ಅದನ್ನು ಎತ್ತಿಕೊಟ್ಟು, ಕೇಳದೆಯೇ ಬಗ್ಗಿ ಕಣ್ಣು ಹಚ್ಚಿದಳು. ಬಹಳ ಹೊತ್ತು ನೋಡಿದಳು.

"ಡಾಕ್ಟರ್ ಟ್ವೆಟ್ ಅವರ ಪೊರೆನಾ ಇದು?"

ಬರ್ನಡೀನ್ ಹೂಂ ಎಂದಳು.

"ಮಿಸ್ ಬರ್ನಿ, ನಿಮ್ಮ ಕೈ ನಡುಗೋದು ನಂಗೆ ಮಾರ್ಚಿಂದ ಗೊತ್ತು. ನೀವು ಮೇಜಿಗೆ ಕೈ ಊರಿದ್ರೆ ತಕ್ಕಡಿ ನಿಲ್ಲಲ್ಲ. ನಾನು ಕೂತಾಗ ನಿಲ್ಲುತ್ತೆ."

ಗೊತ್ತಿದ್ದೂ ಬಾಯಿಬಿಡದೆ ಕೂತೆಯಲ್ಲ, ನಾನು ಬೀಳುವುದನ್ನೇ ಕಾಯುತ್ತಿದ್ದೆಯಾ ಎಂದು ಬರ್ನಡೀನ್ ಕೇಳಿದಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ರೆನಾಟಾಳ ಕಪ್ಪು ಮುಖ ಇನ್ನಷ್ಟು ಬಿಗಿಯಿತು.

"ಎರಡು ವರ್ಷದಿಂದ ನೀರು ಮುಟ್ಟೋಕೆ ಬಿಟ್ಟಿಲ್ಲ ನೀವು. ನಾನು ನಿಮ್ಮ ಕೈ ಹೋಗಿದೆ ಅಂತ ಬಾಯಿಬಿಟ್ರೆ, ಜಾಗಕ್ಕೆ ಹೊಂಚು ಹಾಕ್ದಳು ಅಂತ ಮೊದ್ಲು ಹೇಳೋರು ಯಾರು? ನೀವೇ. ಅದಿರ್ಲಿ, ಅದು ನಮ್ಮಿಬ್ರ ವಿಷ್ಯ. ಇದು ಅವರದು. ಜರ್ಮನಿಯ ಲ್ಯಾಬಿನವ್ರು ಒಂದು ವರ್ಷದಲ್ಲಿ ಇದನ್ನೇ ಅಳೀತಾರೆ, ದೊಡ್ಡ ಕೋನದಲ್ಲಿ. ಮುದುಕ ಕೊನೆಗಾಲದಲ್ಲಿ ಉಪ್ಪು ನೋಡಿ ಕುಣಿದ ಅಂತ ಎಲ್ಲಾ ಕಡೆ ನಗ್ತಾರೆ. ಆ ನಗು ಅಳಿಸಿಹೋಗೋ ತನಕ ಅವ್ರು ಬದುಕಿರ್ತಾರಾ?"

ಇಷ್ಟು ಹೇಳಿ ರೆನಾಟಾ ಕೋಟು ಕೂಡ ತೆಗೆಯದೆ ಹೊರಟುಹೋದಳು. ಬರ್ನಡೀನಳಿಗೆ ಸಿಟ್ಟು ಬಂತು, ಆ ಸಿಟ್ಟು ಮಧ್ಯಾಹ್ನದವರೆಗೂ ಬಾಳಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಇಲ್ಲಿ ತಿಂದದ್ದು ಬರ್ನಡೀನ್, ಬಾಯಾರಿ ಸಾಯಬೇಕಾದವನು ಹಾರ್ಲನ್ ಎಂದರೆ ಯಾವ ಊರಿನ ನ್ಯಾಯ ಅದು?

ಬುಧವಾರ ಬೆಳಿಗ್ಗೆ ಹಾರ್ಲನ್ ತನ್ನ ಕೋಣೆಯಲ್ಲಿ ಭಾಷಣದ ಚಿತ್ರಗಳನ್ನು ಜೋಡಿಸುತ್ತಿದ್ದ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತೆಂದು ತಲೆಯೆತ್ತಿದ. ಬರ್ನಡೀನ್ ನಿಂತಿದ್ದಳು. ಗೋಡೆಯಿಂದ ತೆಗೆದ ಫ್ರೇಮು ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ರಟ್ಟಿನ ಪೆಟ್ಟಿಗೆ.

ಆತ ಫ್ರೇಮನ್ನು ನೋಡಿದ. ಪೆಟ್ಟಿಗೆಯನ್ನು ನೋಡಿದ. ಆ ಲ್ಯಾಬಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಫ್ರೇಮೂ ಪೆಟ್ಟಿಗೆಯೂ ಹಿಡಿದು ಬರುವುದು ಕೊಂದವರು. ಇಷ್ಟು ವರ್ಷ ಅವುಗಳನ್ನು ಹೊತ್ತು ಅವಳ ಬಾಗಿಲಿಗೆ ಹೋಗುತ್ತಿದ್ದವನು ತಾನು. ಇಂದು ಅವಳು ತಂದಿದ್ದಾಳೆ. ಹಾರ್ಲನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಎರಡನೇ ನೀರು?"

"ಹಾಕ್ಲಿಲ್ಲ."

"ಪುಸ್ತಕದಲ್ಲಿ ಗುರುತಿತ್ತಲ್ಲ."

"ಅದು ಸುಳ್ಳು, ಹಾರ್ಲನ್."

ಅವಳು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಹೇಳಿದಳು, ಪಟ್ಟಿಯ ಅಂಕಿ ಹೇಳಿದಳು. ಆತ ಕಾಗದದ ಮೂಲೆಯಲ್ಲಿ ಏನೋ ಗೀಚಿ ಕೂಡಿ ಕಳೆದ. ಎರಡು ನಿಮಿಷವೂ ಬೇಕಾಗಲಿಲ್ಲ. ಗೀಚಿದ್ದರ ಕೆಳಗೆ ಒಂದು ಅಡ್ಡಗೆರೆ ಎಳೆದು ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟ. ಹೊಸ ಟೈ ಕುರ್ಚಿಯ ಬೆನ್ನಿಗೆ ತೂಗುಹಾಕಿತ್ತು. ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದ. ನೀನು ಕಾಗದ ತಂದು ತೋರಿಸಿದ ದಿನದಿಂದ ಎಂದಳು.

"ಹದಿನೈದು ದಿನ ಬರ್ನಿ. ಹದಿನೈದು ದಿನ ನಾನು ಕುಣೀತಿದ್ದೆ, ನೀನು ನೋಡ್ಕೊಂಡು ಕೂತಿದ್ದೆ."

"ಹೌದು."

ಆತ ಬೈದಿದ್ದರೆ ಹಗುರವಾಗುತ್ತಿತ್ತು. ಆತ ಬೈಯುವ ಜಾತಿಯಲ್ಲ, ಆ ನಾರ್ವೇಜಿಯನ್ನರು ಮೌನದಲ್ಲೇ ಚರ್ಮ ಸುಲಿಯುತ್ತಾರೆ. ಕೊನೆಗೆ, ನೀನು ಮರೆಯುವವಳಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ, ಮತ್ತೆ ಯಾಕೆ ಎಂದು ಕೇಳಿದ. ಅವಳು ಪೆಟ್ಟಿಗೆ ಕೆಳಗಿಟ್ಟು ಬಲಗೈಯನ್ನು ಅವನ ಮುಂದೆ ಚಾಚಿದಳು. ಮೊಣಕೈ ಊರದೆ, ಎಡಗೈಯಿಂದ ಹಿಡಿಯದೆ, ಅದರ ಪಾಡಿಗೆ ಬಿಟ್ಟಳು. ಒಂದು ವರ್ಷದಲ್ಲಿ ಮೊದಲ ಸಲ ಅದು ಇನ್ನೊಬ್ಬರ ಕಣ್ಣೆದುರು ಮನಸೋ ಇಚ್ಛೆ ನಡುಗಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು, ಆದರೂ ಹಿಂದೆಗೆಯಲಿಲ್ಲ.

ಹಾರ್ಲನ್ ಆ ಕೈಯನ್ನು ಉಪಕರಣದ ಮುಳ್ಳು ನೋಡುವ ಹಾಗೆ ನೋಡುತ್ತ ಕೂತ. ಆಮೇಲೆ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡು ದಾರ ಬಿಚ್ಚಿದ. ಪೊರೆ ಕಳೆದುಕೊಂಡವರು ಮೊದಲು ತಿನ್ನಬೇಕು. ಒಂದು ತೆಗೆದು ಬಾಯಿಗೆ ಹಾಕಿಕೊಂಡ, ಸಕ್ಕರೆ ಪುಡಿ ಗಡ್ಡದ ಮೇಲೆಲ್ಲ ಉದುರಿತು.

"ಇದು ಆರ್ಚರ್ ರಸ್ತೆದಲ್ಲ."

"ನಾನೇ ಮಾಡ್ದೆ."

"ಕೆಟ್ಟದಾಗಿದೆ. ಒಂದೊಂದೂ ಒಂದೊಂದು ಆಕಾರ."

"ಕೈ ನೋಡಿದ್ಯಲ್ಲ, ಇನ್ನೇನು ಬರುತ್ತೆ ಅದರಲ್ಲಿ."

ಆತ ಇನ್ನೊಂದನ್ನು ತೆಗೆದು ಅವಳ ಕೈಗೆ ಕೊಟ್ಟ. ಇಬ್ಬರೂ ತಿಂದರು. ಅವಳು ಅಳುತ್ತಿದ್ದಳು, ಅದನ್ನು ಆತ ನೋಡಲಿಲ್ಲವೆಂಬಂತೆ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

ಗುರುವಾರದ ಭಾಷಣವನ್ನು ಆತ ರದ್ದು ಮಾಡಲಿಲ್ಲ. ಟೈ ಕಟ್ಟಿಕೊಂಡೇ ಬಂದ. ಗೆರೆಯ ಚಿತ್ರ ತೋರಿಸಿ, ಉಬ್ಬಿನ ಮೇಲೆ ಕೋಲಿಟ್ಟು, ಇದನ್ನು ಮೂವತ್ತು ಚಿಲ್ಲರೆ ವರ್ಷ ಹುಡುಕಿದೆ, ಹೋದ ತಿಂಗಳು ಸಿಕ್ಕಿತು, ನಿನ್ನೆ ಕಳೆದುಹೋಯಿತು, ಇದು ಉಪ್ಪು ಎಂದ. ಸಭೆಯಲ್ಲಿ ಕೆಲವರು ನಕ್ಕರು, ಕೆಟ್ಟ ನಗುವಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ, ಎರಡು ಸಲ ತೊಳೆದ ಪೊರೆಯಲ್ಲಿ ಉಪ್ಪು ಹೇಗೆ ಬಂತು ಎಂದು ಕೇಳಿದ. ಹಾರ್ಲನ್ ತಯಾರಿಕೆಯಲ್ಲಿ ಏನೋ ಎಂದು ಮಾತು ತೇಲಿಸತೊಡಗಿದ. ಕೊನೆಯ ಸಾಲಿನಲ್ಲಿ ಬರ್ನಡೀನ್ ಎದ್ದು ನಿಂತಳು. ಮೂವತ್ತೊಂದು ವರ್ಷ ಆ ಸಭಾಂಗಣದಲ್ಲಿ ಅವಳು ಕುಕೀ ತಿಂದಿದ್ದಳು, ಮಾತಿಗೆಂದು ಬಾಯಿ ತೆರೆದಿರಲಿಲ್ಲ.

"ಎರಡು ಸಲ ತೊಳೀಲಿಲ್ಲ. ಒಂದೇ ಸಲ. ತೊಳೆದೆ ಅಂತ ಬರೆದಿದ್ದು ಸುಳ್ಳು, ಬರೆದವಳು ನಾನು. ನನ್ನ ಕೈ ನಡುಗುತ್ತೆ, ಒಂದು ವರ್ಷ ಆಯ್ತು. ಈ ವರ್ಷ ನನ್ನಿಂದ ಪೊರೆ ತಗೊಂಡವ್ರೆಲ್ಲ ನಿಮ್ಮ ನಿಮ್ಮ ಉಬ್ಬುಗಳನ್ನ ಇನ್ನೊಂದು ಸಲ ನೋಡ್ಕೊಳ್ಳಿ."

ಹೇಳಿ ಕೂತಳು. ಸಭೆಯಲ್ಲಿ ಎಂಟು ಹತ್ತು ಜನ ಆ ಕ್ಷಣವೇ ನೋಟುಪುಸ್ತಕ ತೆರೆದು ಗೀಚಿಕೊಳ್ಳತೊಡಗಿದ್ದನ್ನು ನೋಡಿ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಜನ ಹಾಗೆಯೇ, ಮೊದಲು ಉಬ್ಬು, ಆಮೇಲೆ ಮನುಷ್ಯ. ಭಾಷಣ ಮುಗಿದ ಮೇಲೆ ಮಾತ್ರ ಒಬ್ಬೊಬ್ಬರಾಗಿ ಬಂದು ಅವಳ ಪಕ್ಕದಲ್ಲಿ ನಿಂತು ಹೋದರು.

ಯಂತ್ರ ಕೆಟ್ಟು ಕಳೆದುಹೋದ ದಿನಗಳ ಬದಲು ಸಮಿತಿಯವರು ನವೆಂಬರಿನಲ್ಲಿ ಹಾರ್ಲನ್ನನಿಗೆ ಮೂರು ದಿನ ಕೊಟ್ಟರು. ಅರ್ಧ ಕ್ಯಾಲ್ಸಿಯಮ್ಮನ್ನು ಬರ್ನಡೀನ್ ಮೊದಲೇ ಎತ್ತಿಟ್ಟಿದ್ದಳು, ಯಾವುದನ್ನೂ ಒಂದೇ ಸಲಕ್ಕೆ ಸುರಿಯಬಾರದು ಎಂಬುದೂ ಒಟಿಲಿಯ ಪಾಠವೇ. ಉಪ್ಪು ತೆಗೆದ ಮೇಲೆ ಅಡಿಯಲ್ಲಿ ಏನಾದರೂ ಇದೆಯೋ ನೋಡೋಣ, ಇಲ್ಲದಿದ್ದರೆ ಇಲ್ಲ ಎಂದು ಬರೆಯೋಣ ಎಂದ ಹಾರ್ಲನ್. ಲೇಖನದ ಮೊದಲ ಪುಟವನ್ನು ಅವಳು ವಾಪಸು ಕೊಡಲು ಹೋದಾಗ ಆತ ತೆಗೆದುಕೊಳ್ಳಲಿಲ್ಲ. ಇಲ್ಲ ಎಂಬ ಲೇಖನಕ್ಕೂ ಬರೆದವರ ಹೆಸರು ಬೇಕಲ್ಲ, ಒಬ್ಬನಿಗೇ ಮುಜುಗರವಾಗುತ್ತದೆ ಎಂದ.

ಪೊರೆ ತೇಲಿಸುವ ದಿನ ಬರ್ನಡೀನ್ ತಟ್ಟೆಗಳನ್ನು ತಾನೇ ತೊಳೆದು, ನೀರು ತಾನೇ ತುಂಬಿ, ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದಳು. ಕೂತ್ಕೊ ಎಂದಳು. ರೆನಾಟಾ ಅವಳ ಮುಖ ನೋಡಿ ಕೂತಳು. ಗಾಜಿನ ಪಟ್ಟಿ ಓರೆಯಾಗಿ ನೀರಿಗಿಳಿಯಿತು. ಇನ್ನೂ ನಿಧಾನ ಎನ್ನಲು ಬರ್ನಡೀನ್ ಬಾಯಿ ತೆರೆದಳು, ಹೇಳುವಷ್ಟರಲ್ಲಿ ರೆನಾಟಾಳ ಕೈ ತಾನಾಗಿಯೇ ನಿಧಾನವಾಗಿತ್ತು. ಪೊರೆ ಬಿಡಿಸಿಕೊಂಡು ತೇಲಿತು. ಎರಡನೆಯ ನೀರಿಗೆ ದಾಟಿಸುವ ಹೊತ್ತು ಬಂತು. ಆಗ ರೆನಾಟಾ ಕೈ ತಡೆದಳು.

ನೀರಿನ ಮೇಲೆ ಅಲೆ ಇತ್ತು. ಕಂಡೂ ಕಾಣದಷ್ಟು ಸಣ್ಣ ಅಲೆ, ಒಂದರ ಹಿಂದೆ ಒಂದು, ಬಿಡದೆ. ರೆನಾಟಾಳ ಕೈ ಕಲ್ಲಿನ ಹಾಗೆ ನಿಂತಿತ್ತು. ಗಾಳಿಯ ಕಿಂಡಿ ಮುಚ್ಚಿತ್ತು. ಬರ್ನಡೀನ್ ಅತ್ತ ಇತ್ತ ನೋಡಿ, ಕೊನೆಗೆ ಕೆಳಗೆ ನೋಡಿದಳು. ಮೇಜಿನ ಅಂಚಿನ ಮೇಲೆ ತನ್ನ ಬಲಗೈ ಇತ್ತು.

ರೆನಾಟಾ ಕಣ್ಣನ್ನು ನೀರಿನಿಂದ ಎತ್ತಲೇ ಇಲ್ಲ. ಬರ್ನಡೀನ್ ಕೈಯನ್ನು ಮೇಜಿನಿಂದ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅಲೆ ನಿಂತಿತು. ಮೂವತ್ತೊಂದು ವರ್ಷ ತನ್ನದಾಗಿದ್ದ ಆ ಕೋಣೆಯಲ್ಲಿ, ತಾನು ದೂರ ಸರಿದರೆ ನೀರು ಕನ್ನಡಿಯಾಗುತ್ತದೆ ಎಂಬುದನ್ನು ಅವಳು ಕಣ್ಣಾರೆ ನೋಡಿದಳು. ಹೆಜ್ಜೆ ಸಪ್ಪಳವಾಗದಂತೆ ಹಿಂದೆ ಹಿಂದೆ ನಡೆದು, ಬಾಗಿಲನ್ನು ಕೂದಲೆಳೆಯಷ್ಟು ಹಗುರಾಗಿ ಎಳೆದುಕೊಂಡು ಹೊರಗೆ ಬಂದಳು.

ಹಿಡಿಯ ಮೇಲಿನ ಕೆಂಪು ಕಾಲುಚೀಲವನ್ನು ಸರಿಪಡಿಸಿ, ಬಾಗಿಲಿಗೆ ಬೆನ್ನು ಮಾಡಿ ಕಾವಲು ನಿಂತಳು. ಹಾರ್ಲನ್ ಕಾರಿಡಾರಿನ ತುದಿಯಿಂದ ಬರುತ್ತಿದ್ದವನು ಅವಳನ್ನು ಹೊರಗೆ ಕಂಡು ಗಾಬರಿಯಾಗಿ ಏನೋ ಕೇಳಲು ಬಾಯಿ ತೆರೆದ. ಅವಳು ನಡುಗುವ ಬೆರಳನ್ನು ತುಟಿಯ ಮೇಲಿಟ್ಟಳು. ಆತನಿಗೆ ಅರ್ಥವಾಯಿತು. ಬಂದು ಅವಳ ಪಕ್ಕದಲ್ಲಿ ಗೋಡೆಗೊರಗಿ ನಿಂತ. ಮುಕ್ಕಾಲು ಗಂಟೆ ಇಬ್ಬರೂ ಪಿಟ್ಟೆನ್ನದೆ ನಿಂತಿದ್ದರು. ತಳ್ಳುಗಾಡಿ ಗಡಗಡಿಸುತ್ತ ಬಂದ ಒಬ್ಬನನ್ನು ಬರ್ನಡೀನ್ ಕಣ್ಣಿನಲ್ಲೇ ತಿರುಗಿಸಿ ಕಳಿಸಿದಳು.

ಕೊನೆಗೆ ಬಾಗಿಲು ತೆರೆಯಿತು. ರೆನಾಟಾ ಕಾಲುಚೀಲ ತೆಗೆದು ಬರ್ನಡೀನಳ ಕೈಗೆ ಕೊಟ್ಟಳು. ಅವಳ ಹಿಂದೆ,  ಮೇಜಿನ ಮೇಲೆ, ಫ್ರೇಮಿನಲ್ಲಿ ಪೊರೆ ಸುಕ್ಕಿಲ್ಲದೆ ಕೂತಿತ್ತು. ಪುಸ್ತಕ ತೆರೆದಿತ್ತು, ಗುರುತಿನ ಜಾಗಗಳೆಲ್ಲ ಖಾಲಿ, ಪೆನ್ಸಿಲು ಪಕ್ಕದಲ್ಲಿತ್ತು.

"ಎರಡು ನೀರೂ ಆಯ್ತಾ?" ಎಂದು ಬರ್ನಡೀನ್ ಕೇಳಿದಳು.

"ಮೂರು ಹಾಕ್ದೆ."

"ಮೂರು ಯಾಕೆ ಮಾರಾಯ್ತಿ, ಹರಿದ್ರೆ ಏನ್ಮಾಡ್ತಿದ್ದೆ?"

"ಹರೀಲಿಲ್ಲ, ಮಿಸ್ ಬರ್ನಿ."

ಬರ್ನಡೀನ್ ಒಳಗೆ ಹೋಗಿ ಪೆನ್ಸಿಲು ಎತ್ತಿಕೊಂಡಳು. ಮಾಡಿದವರ ಹೆಸರಿನ ಜಾಗದಲ್ಲಿ ರೆನಾಟಾಳ ಎರಡು ಅಕ್ಷರಗಳನ್ನು ಬರೆದಳು. ಕೈ ನಡುಗಿ ಅಕ್ಷರ ವಕ್ರವಾಯಿತು, ಆದರೂ ಓದಬಹುದಿತ್ತು. ಆಮೇಲೆ ಮೊದಲನೆಯ ನೀರಿಗೆ ಒಂದು ಗುರುತು, ಎರಡನೆಯ ನೀರಿಗೆ ಒಂದು ಗುರುತು ಹಾಕಿ, ಮೂರನೆಯದಕ್ಕೆ ಪುಸ್ತಕದಲ್ಲಿ ಜಾಗವಿಲ್ಲದ್ದರಿಂದ ಅಂಚಿನಲ್ಲಿ ಹೊಸದೊಂದು ಗೆರೆ ಎಳೆದಳು.